ಆಂಜ್ ತಂಡದ ‘ಒ-ದೆಲಾ ದ್ಯು ದೆಲೀರ್’ (1974): ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟ ಯಾವ ಆಲ್ಬಂ ಕುರಿತದ್ದು?

ಫ್ರಾನ್ಸಿನ ಆಂಜ್ ಎಂಬ ರಾಕ್ ತಂಡವು 1974ರಲ್ಲಿ ಫಿಲಿಪ್ಸ್ ಕಂಪನಿಯ ಮೂಲಕ ಹೊರತಂದ ‘ಒ-ದೆಲಾ ದ್ಯು ದೆಲೀರ್’ ಎಂಬ ಆಲ್ಬಂ ಕುರಿತದ್ದು. ಶೀರ್ಷಿಕೆಯನ್ನು ‘ಉನ್ಮಾದದ ಆಚೆಗೆ’ ಎಂದು ಕನ್ನಡದಲ್ಲಿ ಹೇಳಬಹುದು. 1972ರ ‘ಕಾರಿಕಾತ್ಯೂರ್’ ಮತ್ತು 1973ರ ‘ಲ ಸಿಮೆತಿಯೇರ್ ದೇ ಅರ್ಲೆಕ್ಯಾಂ’ ಆದ ಮೇಲೆ ಬಂದ ಇದು ತಂಡದ ಮೂರನೆಯ ಆಲ್ಬಂ. ಮಧ್ಯಯುಗದ ಬಡ ರೈತನೊಬ್ಬನನ್ನು ಕೇಂದ್ರದಲ್ಲಿಟ್ಟುಕೊಂಡ ಎಂಟು ಹಾಡುಗಳ ಈ ಕೃತಿ ನಲವತ್ತು ನಿಮಿಷಕ್ಕಿಂತ ತುಸು ಕಡಿಮೆ ಅವಧಿಯದು. ಫ್ರೆಂಚ್ ಪ್ರೋಗ್ರೆಸಿವ್ ರಾಕ್ ಎಂದೊಡನೆ ಆ ದೇಶದ ಕೇಳುಗರು ಮೊದಲು ಹೆಸರಿಸುವ ಕೆಲವೇ ಆಲ್ಬಂಗಳಲ್ಲಿ ಇದೂ ಒಂದು.

ಆಂಜ್ ತಂಡ ಎಲ್ಲಿಯದು, ಅದರಲ್ಲಿ ಯಾರಿದ್ದರು?

ತಂಡ ಹುಟ್ಟಿದ್ದು ಪ್ಯಾರಿಸಿನಲ್ಲಿ ಅಲ್ಲ. ಪೂರ್ವ ಫ್ರಾನ್ಸಿನಲ್ಲಿ, ಸ್ವಿಟ್ಜರ್ಲೆಂಡ್ ಮತ್ತು ಜರ್ಮನಿಯ ಗಡಿಗಳಿಗೆ ಹತ್ತಿರವಿರುವ ಬೆಲ್‌ಫೋರ್ ಎಂಬ ಕೈಗಾರಿಕಾ ಊರಿನ ಸುತ್ತಮುತ್ತ, 1969ರ ಹೊತ್ತಿಗೆ ಕ್ರಿಸ್ತಿಯಾಂ ದೆಕಾಂ ಮತ್ತು ಫ್ರಾನ್ಸಿಸ್ ದೆಕಾಂ ಎಂಬ ಅಣ್ಣತಮ್ಮಂದಿರು ಇದನ್ನು ಕಟ್ಟಿದರು. ಅಣ್ಣ ಕ್ರಿಸ್ತಿಯಾಂ ಗಾಯಕ, ಸಾಹಿತ್ಯಕಾರ ಮತ್ತು ಹ್ಯಾಮಂಡ್ ಆರ್ಗನ್ ಎಂಬ ವಿದ್ಯುತ್ ಕೀಬೋರ್ಡಿನ ವಾದಕ. ತಮ್ಮ ಫ್ರಾನ್ಸಿಸ್ ಉಳಿದ ಕೀಬೋರ್ಡ್‌ಗಳನ್ನು ನೋಡಿಕೊಂಡವರು. ನಾವು ಮಾತನಾಡುತ್ತಿರುವ ಆಲ್ಬಂನಲ್ಲಿ ಇವರಿಬ್ಬರ ಜೊತೆಗೆ ಗಿಟಾರ್ ಹಾಗೂ ಕೊಳಲಿನಲ್ಲಿ ಜಾಂ-ಮಿಶೆಲ್ ಬ್ರೆಜೊವಾರ್, ಬೇಸ್ ಗಿಟಾರಿನಲ್ಲಿ ಡಾನಿಯೆಲ್ ಹಾಸ್, ಡ್ರಮ್ಸ್‌ನಲ್ಲಿ ಜೆರಾರ್ ಜೆಲ್ಶ್ ಇದ್ದಾರೆ. ಈ ಐವರ ಕೂಟವನ್ನೇ ತಂಡದ ಅಭಿಮಾನಿಗಳು ಮೂಲ ಆಂಜ್ ಎಂದು ಕರೆಯುವುದು ವಾಡಿಕೆ.

ಒಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡಬೇಕು. ಈ ತಂಡ ಆರಂಭದಲ್ಲಿ ಕಟ್ಟಿದ ಮೊದಲ ದೊಡ್ಡ ಪ್ರಯೋಗವೇ ಒಂದು ರಾಕ್ ಆಪೆರಾ, ಅಂದರೆ ರಾಕ್ ಹಾಡುಗಳಲ್ಲಿ ಕಥೆ ಹೇಳುವ ಸಂಗೀತ ನಾಟಕ. ‘ಜನರಲ್ ಮಾಶ್ಯಾಂ’ ಎಂಬ ಕಲ್ಪಿತ ಸೇನಾಧಿಕಾರಿಯ ಸಾಹಸಗಳ ಕುರಿತ ಆ ಪ್ರಯೋಗ 1970ರಲ್ಲಿ ಬೆಲ್‌ಫೋರ್‌ನಲ್ಲಿ ರಂಗಕ್ಕೆ ಬಂದಿತ್ತು. ಆದ್ದರಿಂದ ಇವರು ಮೊದಲು ಸಂಗೀತಗಾರರಾಗಿದ್ದು ಆಮೇಲೆ ಫ್ಯಾಷನ್ನಿಗೆ ಮರುಳಾಗಿ ವೇಷ ತೊಟ್ಟವರು ಎಂಬ ಮಾತಿಗೆ ಆಧಾರವಿಲ್ಲ; ಹಾಡು ಮತ್ತು ನಾಟಕ ಇವರಲ್ಲಿ ಮೊದಲ ದಿನದಿಂದಲೂ ಕೂಡಿಕೊಂಡೇ ಬಂದಿವೆ.

ಕಾನ್ಸೆಪ್ಟ್ ಆಲ್ಬಂ ಎಂದರೆ ಏನು?

ಬಿಡಿ ಹಾಡುಗಳ ಸಂಕಲನವಾಗಿರದೆ, ಒಂದು ಕಥೆಯ ಅಥವಾ ಒಂದು ವಿಚಾರದ ಸುತ್ತ ಎಲ್ಲ ಹಾಡುಗಳನ್ನೂ ಹೆಣೆದ ಆಲ್ಬಂ. 1960ರ ದಶಕದ ಕೊನೆಯ ಭಾಗದಲ್ಲಿ ಇಂಗ್ಲೆಂಡಿನ ರಾಕ್ ತಂಡಗಳು ಇದನ್ನು ಬೆಳೆಸಿದವು. ಪ್ರೋಗ್ರೆಸಿವ್ ರಾಕ್ ಎಂಬ ಪ್ರಕಾರ, ಅಂದರೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ, ಜಾಝ್ ಮತ್ತು ಜಾನಪದದ ಅಂಶಗಳನ್ನು ಒಳಗೊಂಡು, ಮೂರು ನಿಮಿಷದ ಹಾಡಿನ ಚೌಕಟ್ಟನ್ನು ಮೀರಿದ ರಾಕ್, ಇಂಥ ಆಲ್ಬಂಗಳಿಗೆ ಸಹಜವಾದ ನೆಲೆಯಾಯಿತು.

ಆಲ್ಬಂನ ಕಥೆ ಏನು?

ಗೋದೆವ್ಯಾಂ ಎಂಬ ಮಧ್ಯಯುಗದ ರೈತನ ಪರಿಚಯದೊಂದಿಗೆ ಆಲ್ಬಂ ತೆರೆದುಕೊಳ್ಳುತ್ತದೆ. ಒಡೆಯರ ನೆಲದಲ್ಲಿ ದುಡಿಯುವ, ಸಮಾಜದ ಕೆಳಮೆಟ್ಟಿಲಿನಲ್ಲಿ ನಿಂತ ಮನುಷ್ಯ ಆತ. ಇದಾದ ಮೇಲೆ ಕಾದಂಬರಿಯಂತೆ ಒಂದು ಘಟನೆಯಿಂದ ಇನ್ನೊಂದು ಘಟನೆಗೆ ಕಥೆ ಸಾಗುತ್ತದೆ ಎಂದು ನಿರೀಕ್ಷಿಸಿದವರಿಗೆ ಗೊಂದಲವಾಗುತ್ತದೆ. ಏಕೆಂದರೆ ನಡುವಿನ ಹಾಡುಗಳು ದೃಶ್ಯಗಳಂತೆ ಒಂದಾದ ಮೇಲೊಂದು ಬಂದು ನಿಲ್ಲುತ್ತವೆ: ಇಜಾಕನ ದೀರ್ಘ ರಾತ್ರಿಗಳು, ತಾನೇ ಉದ್ಧಾರಕನಾಗಿದ್ದರೆ ಎಂದು ಕಲ್ಪಿಸಿಕೊಳ್ಳುವವನ ಮಾತು, ಭೋಗಕೂಟವೊಂದರ ಗೀತೆ, ಮಹಾ ವಲಸೆ, ಸಕ್ಕರೆಗಾಗಿ ನಡೆಯುವ ಯುದ್ಧ ಮತ್ತು ದೇವತೆಗಳ ಕೋಪ, ಬೆಳಕಿನ ಮಗ, ಕೊನೆಗೆ ಉನ್ಮಾದದ ಆಚೆಗಿನ ಲೋಕ.

ನನ್ನ ಓದಿನಲ್ಲಿ ಇದು ಒಬ್ಬ ಮನುಷ್ಯನ ಜೀವನಚರಿತ್ರೆಯಲ್ಲ. ಒಬ್ಬ ಮನುಷ್ಯನ ತಲೆಯೊಳಗಿನ ಯಾತ್ರೆ. ಓದುಬರಹ ಬಾರದ ರೈತನೊಬ್ಬನಿಗೆ ಆ ಕಾಲದಲ್ಲಿ ಸಿಕ್ಕಿದ ಜಗತ್ತು ಯಾವುದು ಎಂದು ಕೇಳಿಕೊಂಡರೆ ಈ ದೃಶ್ಯಗಳು ಎಲ್ಲಿಂದ ಬಂದವೆಂದು ತಿಳಿಯುತ್ತದೆ. ಇಗರ್ಜಿಯ ಪ್ರವಚನದಲ್ಲಿ ಕೇಳಿದ ಬೈಬಲಿನ ಹೆಸರುಗಳು, ಜಾತ್ರೆಯಲ್ಲಿ ಕಂಡ ಆಟಗಳು, ಹಸಿವು, ಯುದ್ಧದ ಭಯ, ಊರು ಬಿಟ್ಟು ಹೋಗಬೇಕೆಂಬ ಆಸೆ ಇವೆಲ್ಲ ಕಲಸಿಕೊಂಡು ಅವನ ಕನಸಾಗಿವೆ. ಇಜಾಕ್, ಉದ್ಧಾರಕ, ವಲಸೆ ಎಂಬ ಮೂರೂ ಬೈಬಲಿನಿಂದ ಎತ್ತಿಕೊಂಡ ವಸ್ತುಗಳು ಎಂಬುದನ್ನು ಗಮನಿಸಿದರೆ ಈ ಓದಿಗೆ ಬಲ ಬರುತ್ತದೆ. ಬೇರೆ ಓದುಗಳಿಗೂ ಆಲ್ಬಂ ಜಾಗ ಬಿಟ್ಟಿದೆ.

ಇದನ್ನು ನಾಟಕೀಯ ಎಂದು ಏಕೆ ಕರೆಯುತ್ತಾರೆ? ವೇಷಭೂಷಣದ ಕಾರಣಕ್ಕೇ?

ವೇದಿಕೆಯಲ್ಲಿ ಕ್ರಿಸ್ತಿಯಾಂ ದೆಕಾಂ ಮುಖಕ್ಕೆ ಬಣ್ಣ ಬಳಿದು, ವೇಷ ತೊಟ್ಟು, ಹಾಡುಗಳ ನಡುವೆ ಕಥೆ ಹೇಳುತ್ತಾ ಅಭಿನಯಿಸುತ್ತಿದ್ದದ್ದು ನಿಜ. ಆದರೆ ಧ್ವನಿಮುದ್ರಿಕೆಯಲ್ಲಿ ವೇಷ ಕಾಣುವುದಿಲ್ಲ. ಹಾಗಿದ್ದೂ ಈ ಆಲ್ಬಂ ಕೇಳುವಾಗ ಕಣ್ಣ ಮುಂದೆ ರಂಗಸ್ಥಳ ಏಳುತ್ತದೆ ಎಂದರೆ, ನಾಟಕವು ವೇಷದಲ್ಲಿಲ್ಲ, ಕಂಠದಲ್ಲಿದೆ ಎಂದೇ ಅರ್ಥ. ಈ ಪುಟದಲ್ಲಿ ಹೇಳಬೇಕೆಂದಿರುವ ಮುಖ್ಯ ಮಾತು ಇದೇ.

ಕ್ರಿಸ್ತಿಯಾಂ ಒಂದು ಹಾಡನ್ನು ಒಂದೇ ಧ್ವನಿಯಲ್ಲಿ ಹಾಡಿ ಮುಗಿಸುವುದು ಅಪರೂಪ. ಪಿಸುಮಾತಿನಲ್ಲಿ ಆರಂಭಿಸುತ್ತಾರೆ, ನಡುವೆ ರಾಗವನ್ನು ಕೈಬಿಟ್ಟು ಬರಿಯ ಮಾತಿಗೆ ಇಳಿಯುತ್ತಾರೆ, ಮಾತು ಏರುತ್ತಾ ಕೂಗಾಗುತ್ತದೆ, ಕೂಗಿನ ತುದಿಯಲ್ಲಿ ಮತ್ತೆ ರಾಗ ಹುಟ್ಟುತ್ತದೆ. ಕೆಲವೆಡೆ ಇಂದಿನ ಫ್ರೆಂಚ್ ಆಡುಮಾತಿನಲ್ಲಿ ಕೇಳದಷ್ಟು ಗಟ್ಟಿಯಾಗಿ ರಕಾರವನ್ನು ಉರುಳಿಸುತ್ತಾರೆ. ಪ್ಯಾರಿಸಿನ ದಿನಬಳಕೆಯ ಉಚ್ಚಾರದಲ್ಲಿ ರಕಾರ ಗಂಟಲಿನ ಆಳದಿಂದ ಬರುತ್ತದೆ. ನಾಲಗೆಯ ತುದಿಯಲ್ಲಿ ಉರುಳುವ ರಕಾರ ಫ್ರೆಂಚ್ ಕಿವಿಗೆ ಹಳ್ಳಿಯ ಮುದುಕರನ್ನೂ ಹಳೆಯ ಕಾಲದ ರಂಗನಟರನ್ನೂ ಒಟ್ಟಿಗೇ ನೆನಪಿಸುತ್ತದೆ. ಮಧ್ಯಯುಗದ ರೈತನ ಪಾತ್ರಕ್ಕೆ ಬೇಕಾದ ವೇಷ ಆ ಒಂದು ಅಕ್ಷರದಲ್ಲಿಯೇ ಸಿದ್ಧವಾಗುತ್ತದೆ.

ನಮ್ಮ ಹರಿಕಥೆಯ ದಾಸರು ಒಬ್ಬರೇ ನಿಂತು, ಪದ ಹಾಡುತ್ತಾ ಹಾಡುತ್ತಾ ಮಾತಿಗೆ ಇಳಿದು, ಕ್ಷಣದಲ್ಲಿ ಕಥೆಗಾರರಾಗಿಯೂ ಮರುಕ್ಷಣದಲ್ಲಿ ಪಾತ್ರವಾಗಿಯೂ ಬದಲಾಗುವುದನ್ನು ಕಂಡವರಿಗೆ ಈ ವಿಧಾನ ಹೊಸದೆನಿಸುವುದಿಲ್ಲ. ಎರಡು ಪರಂಪರೆಗಳಿಗೂ ಯಾವ ಸಂಬಂಧವೂ ಇಲ್ಲ. ಒಬ್ಬನೇ ಗಾಯಕ ಇಡೀ ಕಥೆಯನ್ನು ಹೊರಬೇಕಾದಾಗ ಕಂಠ ಹುಡುಕಿಕೊಳ್ಳುವ ದಾರಿಗಳು ಹೀಗೆ ಒಂದಕ್ಕೊಂದು ಹತ್ತಿರ ಬರುತ್ತವೆ, ಅಷ್ಟೆ.

ಫ್ರೆಂಚ್ ಭಾಷೆಯಲ್ಲಿ ರಾಕ್ ಹಾಡುವುದು ನಿಜವಾಗಿಯೂ ಕಷ್ಟವೇ?

ಕಷ್ಟವೇ, ಮತ್ತು ಆ ಕಷ್ಟ ಇಲ್ಲಿ ಒಳ್ಳೆಯ ಫಲ ಕೊಟ್ಟಿದೆ. ಇಂಗ್ಲಿಷಿನಲ್ಲಿ ಪ್ರತಿಯೊಂದು ಪದಕ್ಕೂ ತನ್ನದೇ ಒತ್ತು ಇರುತ್ತದೆ. ಆ ಒತ್ತುಗಳನ್ನು ಡ್ರಮ್ಮಿನ ಪೆಟ್ಟಿನ ಮೇಲೆ ಕೂರಿಸಿದರೆ ರಾಕ್ ಸಂಗೀತದ ಲಯ ತಾನಾಗಿಯೇ ಸಿದ್ಧಿಸುತ್ತದೆ. ಫ್ರೆಂಚಿನಲ್ಲಿ ಪದಗಳಿಗೆ ಬಿಡಿಬಿಡಿಯಾದ ಒತ್ತು ಇಲ್ಲ. ಪದಗಳು ಗುಂಪಾಗಿ ಸಮನಾಗಿ ಹರಿದು, ಗುಂಪಿನ ಕೊನೆಯ ಅಕ್ಷರದ ಮೇಲೆ ಮಾತ್ರ ಭಾರ ಬೀಳುತ್ತದೆ. ಇಂಥ ಭಾಷೆಯನ್ನು ಇಂಗ್ಲಿಷ್ ರಾಕ್ ಹಾಡಿನ ಧಾಟಿಗೆ ಹಾಗೆಯೇ ಹೊಂದಿಸಿದರೆ ಪದಗಳು ಮುರಿದಂತೆ ಕೇಳುತ್ತವೆ. 1960ರ ದಶಕದಲ್ಲಿ ಇಂಗ್ಲಿಷ್ ಮತ್ತು ಅಮೆರಿಕನ್ ಹಾಡುಗಳನ್ನು ಫ್ರೆಂಚಿಗೆ ತಂದು ಹಾಡಿದ ಅನೇಕ ತಾರೆಯರ ಧ್ವನಿಮುದ್ರಿಕೆಗಳಲ್ಲಿ ಈ ತೊಡಕು ಇಂದಿಗೂ ಕಿವಿಗೆ ತಾಗುತ್ತದೆ.

ಫ್ರೆಂಚ್ ತಂಡಗಳು ಇದಕ್ಕೆ ಬೇರೆ ಬೇರೆ ಉತ್ತರಗಳನ್ನು ಕಂಡುಕೊಂಡವು. ಕೆಲವರು ಇಂಗ್ಲಿಷಿನಲ್ಲಿಯೇ ಹಾಡಿದರು. ಮಾಗ್ಮಾ ತಂಡದ ಕ್ರಿಸ್ತಿಯಾಂ ವಾಂದೆರ್ ಅವರು ಕೊಬಾಯನ್ ಎಂಬ ಭಾಷೆಯನ್ನೇ ಹೊಸದಾಗಿ ಸೃಷ್ಟಿಸಿ ಅದರಲ್ಲಿ ಹಾಡಿದರು. ಆಂಜ್ ಹಿಡಿದ ದಾರಿ ಮೂರನೆಯದು: ಭಾಷೆಯನ್ನು ಲಯಕ್ಕೆ ಬಗ್ಗಿಸುವ ಬದಲು, ಲಯವನ್ನು ಭಾಷೆಗೆ ಬಗ್ಗಿಸಿದ್ದು. ವಾಕ್ಯ ಮುಗಿಯುವವರೆಗೆ ವಾದ್ಯಗಳು ಕಾಯುತ್ತವೆ. ಕೊನೆಯ ಅಕ್ಷರದ ಮೇಲೆ ಭಾರ ಬಿದ್ದ ಕ್ಷಣದಲ್ಲಿ ಆರ್ಗನ್ ಮತ್ತು ಡ್ರಮ್ಸ್ ಒಟ್ಟಿಗೆ ಎರಗುತ್ತವೆ. ‘ಲೇ ಲೋಂಗ್ ನ್ಯುಯಿ ದಿಜಾಕ್’ ಹಾಡನ್ನು ಈ ಒಂದು ಅಂಶದ ಮೇಲೆಯೇ ಗಮನವಿಟ್ಟು ಕೇಳಿ ನೋಡಿ. ಗಾಯಕ ಮತ್ತು ವಾದ್ಯವೃಂದದ ನಡುವಿನ ಈ ಕೊಡುಕೊಳೆ ಸಂಭಾಷಣೆಯ ಲಕ್ಷಣವೇ ಹೊರತು, ಪಕ್ಕವಾದ್ಯದ ಲಕ್ಷಣವಲ್ಲ. ಹಾಡಿಗೆ ನಾಟಕದ ಗುಣ ಬರುವುದು ಇಲ್ಲಿಂದ.

ಆಂಜ್ ತಂಡ ಜೆನೆಸಿಸ್‌ನ ಅನುಕರಣೆಯಲ್ಲವೇ?

ಈ ಹೋಲಿಕೆ ಎಷ್ಟು ಸಾಮಾನ್ಯವೋ ಅಷ್ಟೇ ಅಪೂರ್ಣ. ಪೀಟರ್ ಗೇಬ್ರಿಯಲ್ ಗಾಯಕರಾಗಿದ್ದ ಕಾಲದ ಇಂಗ್ಲೆಂಡಿನ ಜೆನೆಸಿಸ್ ತಂಡ ಮತ್ತು ಆಂಜ್ ಒಂದೇ ಕಾಲದವು. ವೇಷ ತೊಟ್ಟ ಗಾಯಕ, ಕಥೆ ಹೇಳುವ ಹಾಡು, ಆರ್ಗನ್ನಿನ ಗಾಢ ನಾದ ಎರಡರಲ್ಲೂ ಇವೆ. ಇಂಗ್ಲೆಂಡಿನಲ್ಲಿ ನಡೆದ 1973ರ ರೆಡಿಂಗ್ ಸಂಗೀತೋತ್ಸವದಲ್ಲಿ ಎರಡೂ ತಂಡಗಳು ನುಡಿಸಿದ್ದವು. ಇಂಗ್ಲಿಷ್ ತಂಡಗಳ ಪ್ರಭಾವ ಆಂಜ್ ಮೇಲೆ ಇಲ್ಲವೆಂದು ಯಾರೂ ಹೇಳಲಾರರು.

ಆದರೆ ಹಾಡುಗಾರಿಕೆಯ ಬೇರು ಬೇರೆ ಕಡೆ ಇದೆ. ಅದನ್ನು ಕಾಣಲು ಆಂಜ್‌ನ ಎರಡನೆಯ ಆಲ್ಬಂನ ಮೊದಲ ಹಾಡನ್ನು ಕೇಳಿದರೆ ಸಾಕು. ಅದು ಬೆಲ್ಜಿಯಂನ ಗಾಯಕ ಜಾಕ್ ಬ್ರೆಲ್ ಅವರ ‘ಸೇ ಜಾಂ-ಲಾ’. ಬ್ರೆಲ್ ಅವರು ಪ್ರತಿ ಹಾಡನ್ನೂ ಒಂದು ಏಕಪಾತ್ರಾಭಿನಯವೆಂಬಂತೆ ಬೆವರು ಸುರಿಸಿ ಆಡಿ ತೋರಿಸುತ್ತಿದ್ದವರು. ಒಂದು ಸಣ್ಣ ಊರಿನ ಕುಟುಂಬದವರನ್ನು ಒಬ್ಬೊಬ್ಬರಾಗಿ ಕಹಿಯಿಂದ ಚಿತ್ರಿಸುವ ಆ ಹಾಡನ್ನು ಆಂಜ್ ತನ್ನ ವಿದ್ಯುತ್ ಗಿಟಾರ್ ಮತ್ತು ಆರ್ಗನ್ನಿನ ನಡುವೆ ತಂದು ನಿಲ್ಲಿಸಿದಾಗ ಅದು ಪರಕೀಯವೆನಿಸಲಿಲ್ಲ. ಕ್ರಿಸ್ತಿಯಾಂ ದೆಕಾಂ ಅವರ ಕಂಠದ ವಂಶಾವಳಿ ಹುಡುಕಬೇಕಾದದ್ದು ಲಂಡನ್ನಿನಲ್ಲಿ ಅಲ್ಲ. ಕೆಫೆಗಳಲ್ಲಿ, ಸಂಗೀತ ಸಭಾಂಗಣಗಳಲ್ಲಿ, ಊರ ಜಾತ್ರೆಯ ಡೇರೆಗಳಲ್ಲಿ ಬೆಳೆದ ಶಾನ್ಸೋಂ ಎಂಬ ಫ್ರೆಂಚ್ ಭಾಷೆಯ ಹಾಡುಗಳ ಪರಂಪರೆಯಲ್ಲಿ. ಇದನ್ನು ಮರೆತು ಆಂಜ್ ಅನ್ನು ‘ಫ್ರಾನ್ಸಿನ ಜೆನೆಸಿಸ್’ ಎಂದು ಕರೆದರೆ ಅದರ ಅರ್ಧ ಗುಣವನ್ನು ಬಿಟ್ಟುಕೊಟ್ಟಂತಾಗುತ್ತದೆ.

ಆಲ್ಬಂನಲ್ಲಿ ಕೇಳುವ ಆ ತಂತಿವಾದ್ಯವೃಂದದಂಥ ನಡುಗುವ ನಾದ ಮೆಲೊಟ್ರಾನ್‌ನದೇ?

ಅಲ್ಲ. ಮೆಲೊಟ್ರಾನ್ ಇಂಗ್ಲೆಂಡಿನಲ್ಲಿ ತಯಾರಾಗುತ್ತಿದ್ದ ವಾದ್ಯ. ಅದರ ಕೀಬೋರ್ಡಿನ ಪ್ರತಿ ಕೀಲಿಯ ಕೆಳಗೂ ಪಿಟೀಲು, ಕೊಳಲು ಅಥವಾ ಸಮೂಹಗಾಯನವನ್ನು ಮುದ್ರಿಸಿದ ಒಂದು ಟೇಪಿನ ತುಂಡು ಇರುತ್ತದೆ. ಅದು ದುಬಾರಿ, ಭಾರ, ಊರೂರು ಸುತ್ತುವಾಗ ಕೆಡುವುದೂ ಹೆಚ್ಚು. ಫ್ರಾನ್ಸಿಸ್ ದೆಕಾಂ ಅದರ ಗೋಜಿಗೆ ಹೋಗದೆ ವೈಕೌಂಟ್ ಎಂಬ ಸಾಧಾರಣ ಇಟಾಲಿಯನ್ ಆರ್ಗನ್ನಿನ ನಾದವನ್ನು ಅನುರಣನದ ಉಪಕರಣದ ಮೂಲಕ ಹಾಯಿಸಿ ತಮ್ಮದೇ ಆದ ಧ್ವನಿಯನ್ನು ಪಡೆದರು. ದೊಡ್ಡ ಕಲ್ಲಿನ ಇಗರ್ಜಿಯೊಳಗೆ ದೂರದಲ್ಲಿ ಯಾರೋ ಹಾಡುತ್ತಿರುವಂಥ, ಅಂಚುಗಳು ಕರಗಿದ ಈ ನಾದವೇ ಆಂಜ್‌ನ ಗುರುತು. ಮಧ್ಯಯುಗದ ಕಥೆಗೆ ಇದಕ್ಕಿಂತ ಹೊಂದುವ ವಾದ್ಯ ಅವರಿಗೆ ಸಿಗುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಎಂಟು ಹಾಡುಗಳನ್ನು ಒಂದೊಂದಾಗಿ ಪರಿಚಯಿಸಬಹುದೇ?

ಎಲ್ಪಿಯ, ಅಂದರೆ ಎರಡು ಬದಿಯ ಗ್ರಾಮಫೋನ್ ತಟ್ಟೆಯ, ಮೊದಲ ಬದಿಯಲ್ಲಿ ಐದು, ಎರಡನೆಯ ಬದಿಯಲ್ಲಿ ಮೂರು ಹಾಡುಗಳಿವೆ. ಎಲ್ಲಕ್ಕೂ ಸಮಾನ ತೂಕವಿಲ್ಲ. ಆದ್ದರಿಂದ ನಾನೂ ಸಮಾನವಾಗಿ ಬರೆಯುವುದಿಲ್ಲ.

‘ಗೋದೆವ್ಯಾಂ ಲ ವಿಲ್ಯಾಂ’ ಮೂರು ನಿಮಿಷದ ಪ್ರವೇಶ. ಪಿಟೀಲಿನ ಧ್ವನಿ ಮೊದಲು ಬಂದು ಹಳ್ಳಿಯ ವಾತಾವರಣವನ್ನು ಕಟ್ಟುತ್ತದೆ. ಕಥೆಗಾರ ನಾಯಕನನ್ನು ಸಭೆಗೆ ಪರಿಚಯಿಸುತ್ತಾನೆ. ಇದರ ಸೌಮ್ಯತೆಗೆ ಒಗ್ಗಿಕೊಳ್ಳುವಷ್ಟರಲ್ಲಿ ‘ಲೇ ಲೋಂಗ್ ನ್ಯುಯಿ ದಿಜಾಕ್’ ಅಪ್ಪಳಿಸುತ್ತದೆ. ಆಲ್ಬಂನ ಅತ್ಯಂತ ಬಿರುಸಾದ ಹಾಡುಗಳಲ್ಲಿ ಒಂದಾದ ಇದರಲ್ಲಿ ಗಿಟಾರ್ ಮತ್ತು ಆರ್ಗನ್ ಒಂದನ್ನೊಂದು ಅಟ್ಟಿಸಿಕೊಂಡು ಹೋಗುತ್ತವೆ, ಗಾಯಕನ ಧ್ವನಿ ಬೇಕೆಂದೇ ಒರಟಾಗುತ್ತದೆ.

‘ಸಿ ಜೆತೇ ಲ ಮೆಸ್ಸೀ’, ಅಂದರೆ ‘ನಾನು ಉದ್ಧಾರಕನಾಗಿದ್ದರೆ’, ಹಾಡಿಗಿಂತ ಹೆಚ್ಚಾಗಿ ಒಂದು ಭಾಷಣ. ಹಿನ್ನೆಲೆಯಲ್ಲಿ ಲಯ ಒಂದೇ ಸಮನೆ ಸಾಗುತ್ತಿರುವಾಗ ಮುಂದೆ ನಿಂತವನ ಮಾತು ನಯದಿಂದ ಆರಂಭವಾಗಿ ಹಿಡಿತ ತಪ್ಪುತ್ತಾ ಹೋಗುತ್ತದೆ. ಶೀರ್ಷಿಕೆಯಲ್ಲಿರುವ ಉನ್ಮಾದ ಮೊದಲು ಕಿವಿಗೆ ಬೀಳುವುದು ಇಲ್ಲಿ. ‘ಬಲಾದ್ ಪೂರ್ ಯೂನ್ ಒರ್ಜಿ’ ಇದಕ್ಕೆ ನೇರ ವಿರುದ್ಧವಾಗಿ, ಅಕೌಸ್ಟಿಕ್ ತಂತಿಗಳ ಮೇಲೆ ಮೆಲ್ಲನೆ ನಡೆಯುತ್ತದೆ. ಭೋಗಕೂಟವೆಂಬ ವಸ್ತುವಿಗೆ ಆಸ್ಥಾನಗೀತೆಯ ವಿನಯವನ್ನು ತೊಡಿಸಿದ್ದು ಜಾಣತನದ ಆಯ್ಕೆ.

‘ಎಗ್ಜೋದ್’ ಮೊದಲ ಬದಿಯ ಶಿಖರ. ಐದು ನಿಮಿಷದಷ್ಟೇ ಇರುವ ಈ ಹಾಡು ಅದಕ್ಕಿಂತ ದೊಡ್ಡದೆನಿಸುವುದು ಅದರ ರಚನೆಯಿಂದಾಗಿ. ಮೊದಲರ್ಧದಲ್ಲಿ ಶಾಂತವಾದ ಗಾಯನವಿದೆ, ವಾದ್ಯಗಳು ಬಹುತೇಕ ದೂರ ನಿಂತಿವೆ. ಮಾತು ಮುಗಿದ ಮೇಲೆ ಬ್ರೆಜೊವಾರ್ ಅವರ ಗಿಟಾರ್, ಆರ್ಗನ್ನಿನ ಏರುವ ಅಲೆಗಳ ಮೇಲೆ, ಅದೇ ಭಾವವನ್ನು ಕೈಗೆತ್ತಿಕೊಂಡು ಹೋಗುತ್ತದೆ. ಊರು ಬಿಟ್ಟ ಜನಸಮೂಹ ಹೆಜ್ಜೆ ಹಾಕುತ್ತಾ ದಿಗಂತದ ಕಡೆಗೆ ಸಾಗುವ ಚಿತ್ರವನ್ನು ಪದಗಳಿಲ್ಲದೆಯೇ ಕಟ್ಟಿಕೊಡುವ ಈ ಭಾಗ, ಫ್ರೆಂಚ್ ಬಾರದವರಿಗೆ ಇಡೀ ಆಲ್ಬಂನ ಹೆಬ್ಬಾಗಿಲು. ಬ್ರೆಜೊವಾರ್ ವೇಗ ತೋರಿಸಲು ನುಡಿಸುವವರಲ್ಲ. ಒಂದು ಸ್ವರವನ್ನು ಎಷ್ಟು ಹೊತ್ತು ನಿಲ್ಲಿಸಬೇಕು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

‘ಲಾ ಬತಾಯ್ ದ್ಯು ಸ್ಯುಕ್ರ್’ ಎಂಬ ಸಕ್ಕರೆಯ ಯುದ್ಧದೊಂದಿಗೆ ಎರಡನೆಯ ಬದಿ ತೆರೆಯುತ್ತದೆ. ‘ದೇವತೆಗಳ ಕೋಪ’ ಎಂಬ ಭಾಗವೂ ಇದರೊಳಗೆ ಸೇರಿದೆ. ಮಗುವಿನ ಧ್ವನಿಯೊಂದು ಇಲ್ಲಿ ಬರುತ್ತದೆ. ಮಕ್ಕಳ ಆಟದ ಮಟ್ಟಿಗೆ ಸಿಹಿಯಾದ ಸಂಗತಿಯೊಂದು ಯುದ್ಧದ ಕಾರಣವಾಗಿ ತಿರುಗುವುದನ್ನು ಆ ಎಳೆಯ ಧ್ವನಿ ಮತ್ತಷ್ಟು ಕಳವಳಕಾರಿಯಾಗಿಸುತ್ತದೆ. ಮೊದಲ ಸಲ ಕೇಳುವವರಿಗೆ ಇದು ಆಲ್ಬಂನ ಅತ್ಯಂತ ಕಷ್ಟದ ಭಾಗವಾಗಿ ಕಾಣಬಹುದು. ಬಿಟ್ಟು ಮುಂದೆ ಹೋಗಬೇಡಿ. ‘ಫೀಸ್ ದ ಲ್ಯುಮಿಯೇರ್’ ಮತ್ತೆ ಭಾರವಾದ, ಗಂಭೀರವಾದ ಹಾಡು. ಕೊನೆಯ ಹಾಡಿಗೆ ಅಂಗಳವನ್ನು ಸಿದ್ಧಗೊಳಿಸುವುದು ಅದರ ಕೆಲಸ.

ಶೀರ್ಷಿಕೆಗೀತೆ ಒಂಬತ್ತು ನಿಮಿಷದ್ದು. ಗ್ರಾಮೀಣವಾದ, ಹಗುರವಾದ ಅಕೌಸ್ಟಿಕ್ ಆರಂಭ ನಮ್ಮನ್ನು ಗೋದೆವ್ಯಾಂನ ಹೊಲಗಳಿಗೆ ಹಿಂದಿರುಗಿಸುತ್ತದೆ. ಬಳಿಕ ಗಾಯನವು ಘೋಷಣೆಯಾಗುತ್ತದೆ, ಲಯ ಬಿಗಿಯಾಗುತ್ತದೆ, ಕೊನೆಯ ಭಾಗವನ್ನು ಗಿಟಾರ್ ವಹಿಸಿಕೊಳ್ಳುತ್ತದೆ. ಮೊದಲ ಬದಿಯ ಅಂತ್ಯದಲ್ಲಿ ‘ಎಗ್ಜೋದ್’ ಮಾಡಿದ್ದನ್ನೇ ಎರಡನೆಯ ಬದಿಯ ಅಂತ್ಯದಲ್ಲಿ ಇದು ಇನ್ನೂ ವಿಸ್ತಾರವಾಗಿ ಮಾಡುತ್ತದೆ. ಎರಡೂ ಬದಿಗಳು ಮಾತಿನಿಂದ ವಾದ್ಯಕ್ಕೆ ದಾಟಿ ಮುಗಿಯುವುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಇಷ್ಟು ಮಾತಾಡುವ ಆಲ್ಬಂ ತನ್ನ ಅತ್ಯುನ್ನತ ಎರಡು ಘಳಿಗೆಗಳಲ್ಲಿ ಮಾತನ್ನು ಕೆಳಗಿಡುತ್ತದೆ.

‘ನಾನು ಉದ್ಧಾರಕನಾಗಿದ್ದರೆ’ ಎಂಬುದು ಧರ್ಮನಿಂದೆಯೇ?

ಧರ್ಮಶ್ರದ್ಧೆಯನ್ನು ಹೀಗಳೆಯುವುದಕ್ಕಿಂತ ಅಧಿಕಾರದ ಮದವನ್ನು ತೋರಿಸುವುದು ಅದರ ಗುರಿ ಎಂದು ನಾನು ತಿಳಿಯುತ್ತೇನೆ. ಇಗರ್ಜಿಯನ್ನೂ ಒಡೆಯರನ್ನೂ ಕೆಣಕುವ ವಿದೂಷಕ ಮಧ್ಯಯುಗದ ಜಾತ್ರೆಯ ನಾಟಕಗಳಲ್ಲಿಯೇ ಇದ್ದ ಪಾತ್ರ.

ಫ್ರಾನ್ಸಿನಲ್ಲಿ ಈ ಆಲ್ಬಂ ಜನಪ್ರಿಯವಾಗಿತ್ತೇ?

ಜನಪ್ರಿಯವಾಗಿತ್ತು, ಹೆಚ್ಚು ಮಾರಾಟವಾದ ಆಲ್ಬಂಗಳಿಗೆ ಕೊಡುವ ಚಿನ್ನದ ಡಿಸ್ಕಿನ ಮನ್ನಣೆಯೂ ಬಂತು. ಇದರಲ್ಲಿ ರೇಡಿಯೋದ ಪಾಲಿಗಿಂತ ರಸ್ತೆಯ ಪಾಲು ದೊಡ್ಡದು. ಆ ಕಾಲದ ಫ್ರಾನ್ಸಿನಲ್ಲಿ ರಾಕ್ ತಂಡಗಳಿಗೆ ವೇದಿಕೆ ಒದಗಿಸಿದ್ದು ಊರೂರಿನಲ್ಲಿದ್ದ ಯುವಜನ ಮತ್ತು ಸಂಸ್ಕೃತಿ ಭವನಗಳು. ಆಂಜ್ ಇಂಥ ಭವನಗಳಲ್ಲಿ, ಸಣ್ಣ ಪಟ್ಟಣಗಳ ಸಭಾಂಗಣಗಳಲ್ಲಿ ನುಡಿಸುತ್ತಾ ಬೆಳೆಯಿತು. ಪ್ಯಾರಿಸಿನ ಗೋಲ್ಫ್-ದ್ರುಓ ಕ್ಲಬ್ಬಿನ ಪ್ರಸಿದ್ಧ ಸ್ಪರ್ಧೆಯಲ್ಲಿ ಗೆದ್ದು ಹೆಸರು ಪಡೆದಿತ್ತು. 1972ರಲ್ಲಿ ಫ್ರಾನ್ಸಿನ ರಾಕ್ ತಾರೆ ಜಾನಿ ಹಾಲಿಡೇ ಅವರ ಸರ್ಕಸ್ ಡೇರೆಯ ಪ್ರವಾಸದಲ್ಲಿ ಸೇರಿಕೊಂಡು, ತಮ್ಮ ಹೆಸರನ್ನೇ ಕೇಳದಿದ್ದ ಜನರ ಮುಂದೆ ಹಾಡಿತ್ತು. ಬೇರೊಬ್ಬ ತಾರೆಗಾಗಿ ಕಾಯುತ್ತಿರುವ ಸಭಿಕರ ಗಮನ ಹಿಡಿಯಬೇಕಾದ ಗಾಯಕನಿಗೆ ಅಭಿನಯ ಅಲಂಕಾರವಾಗಿ ಉಳಿಯುವುದಿಲ್ಲ, ಅಗತ್ಯವಾಗುತ್ತದೆ.

ಫ್ರಾನ್ಸಿನ ಆಚೆ ಇದು ಅಷ್ಟಾಗಿ ಹಬ್ಬಲಿಲ್ಲವೇಕೆ?

ಭಾಷೆಯೇ ಮುಖ್ಯ ಕಾರಣ. ತಂಡವೂ ಇದನ್ನು ಅರಿತಿತ್ತು. 1976ರ ‘ಪಾರ್ ಲೇ ಫೀಸ್ ದ ಮಾಂದ್ರ್ಯಾಂ’ ಆಲ್ಬಂಗೆ ಇಂಗ್ಲಿಷ್ ಆವೃತ್ತಿಯನ್ನೂ ಮಾಡಿತು. ಆದರೆ ಪದಗಳ ಬಾಯಿಯ ರುಚಿಯ ಮೇಲೆ ನಿಂತ ಹಾಡುಗಾರಿಕೆಯನ್ನು ಇನ್ನೊಂದು ಭಾಷೆಗೆ ಸಾಗಿಸಿದಾಗ ಉಳಿಯುವುದು ಕಥೆ ಮಾತ್ರ. ಇಂದಿಗೂ ಕೇಳುಗರು ಹುಡುಕಿಕೊಂಡು ಹೋಗುವುದು ಫ್ರೆಂಚ್ ಆವೃತ್ತಿಯನ್ನೇ.

ಫ್ರೆಂಚ್ ಬಾರದವರು ಇದನ್ನು ಹೇಗೆ ಕೇಳಬೇಕು?

ಮೊದಲ ಸಲ ಸಾಹಿತ್ಯದ ಅನುವಾದವನ್ನು ಕೈಯಲ್ಲಿ ಹಿಡಿದು ಕೇಳಬೇಡಿ ಎಂಬುದು ನನ್ನ ಸಲಹೆ. ಹಾಗೆ ಮಾಡಿದರೆ ಕಣ್ಣು ಪದಗಳ ಹಿಂದೆ ಓಡಿ, ಕಿವಿ ಹಿಂದೆ ಬೀಳುತ್ತದೆ. ಮೇಲೆ ಕೊಟ್ಟಿರುವ ಹಾಡುಗಳ ಹೆಸರು ಮತ್ತು ವಸ್ತುವನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡು, ಒಂದು ಬದಿಯನ್ನು ತಡೆಯಿಲ್ಲದೆ ಪೂರ್ತಿ ಕೇಳಿ. ಈ ಸಲ ಗಮನಿಸಬೇಕಾದದ್ದು ಇಷ್ಟೇ: ಈಗ ಮಾತಾಡುತ್ತಿರುವವನು ಕಥೆಗಾರನೇ, ಪಾತ್ರವೇ? ಧ್ವನಿಯಿಂದಲೇ ಇದು ತಿಳಿಯುತ್ತದೆ, ಮತ್ತು ತಿಳಿಯುತ್ತಿದೆ ಎಂಬುದು ಅರಿವಾದಾಗ ಭಾಷೆಯ ಬಗೆಗಿನ ಅಳುಕು ಹೋಗುತ್ತದೆ. ಎರಡನೆಯ ಸಲ ಅನುವಾದ ನೋಡಬಹುದು. ಆದರೂ ಈ ಸಾಹಿತ್ಯದಲ್ಲಿ ಶ್ಲೇಷೆ, ಹಳೆಯ ಪದಗಳು, ಬೇಕೆಂದೇ ಮಾಡಿದ ಪದಚಮತ್ಕಾರಗಳು ಹೇರಳವಾಗಿರುವುದರಿಂದ, ಯಂತ್ರಾನುವಾದವು ಒಂದು ಸಾಲಿಗೆ ಅರ್ಥವಿಲ್ಲವೆಂದು ತೋರಿಸಿದರೆ ಮೂಲಕ್ಕೇ ಅರ್ಥವಿಲ್ಲವೆಂದು ತೀರ್ಮಾನಿಸಬೇಡಿ.

ಎಲ್ಪಿಯಲ್ಲಿಯೇ ಕೇಳಬೇಕೇ?

ಬೇಕಿಲ್ಲ. ಸಿಡಿಯಲ್ಲಿ ಅಥವಾ ಸ್ಟ್ರೀಮಿಂಗ್‌ನಲ್ಲಿ ಕೇಳುವವರು ‘ಎಗ್ಜೋದ್’ ಮುಗಿದ ಮೇಲೆ ಒಂದೆರಡು ನಿಮಿಷ ನಿಲ್ಲಿಸಿದರೆ ಸಾಕು. ಎಲ್ಪಿಯ ಬದಿ ಬದಲಿಸುವ ವಿರಾಮ ಈ ಆಲ್ಬಂನ ರಚನೆಯ ಭಾಗವೇ ಆಗಿದೆ. ಹಾಡುಗಳ ಸರದಿಯನ್ನು ಕಲಸಿಬಿಡುವ ಷಫಲ್ ಕ್ರಮದಲ್ಲಿ ಮಾತ್ರ ಕೇಳಬಾರದು.

ಆಮೇಲೆ ತಂಡ ಏನಾಯಿತು?

1970ರ ದಶಕದ ಕೊನೆಯ ಹೊತ್ತಿಗೆ ಮೂಲ ಕೂಟ ಚದುರಿತು. 1975ರ ‘ಎಮಿಲ್ ಜಾಕೊತೆ’ ಆಲ್ಬಂನಲ್ಲಿಯೇ ಜೆಲ್ಶ್ ಬದಲು ಬೇರೆ ಡ್ರಮ್ಮರ್ ಇದ್ದರು. 1978ರ ‘ಗೆತಾಪಾಂ’ ಹೊತ್ತಿಗೆ ಬ್ರೆಜೊವಾರ್ ಮತ್ತು ಹಾಸ್ ಕೂಡ ಇರಲಿಲ್ಲ. ಅಣ್ಣತಮ್ಮಂದಿರು ಒಟ್ಟಿಗೆ ಮುಂದುವರಿದು, 1995ರ ವಿದಾಯ ಪ್ರವಾಸದ ನಂತರ ಬೇರ್ಪಟ್ಟರು. ಆ ಬಳಿಕ ಕ್ರಿಸ್ತಿಯಾಂ ತಮ್ಮ ಮಗ ತ್ರಿಸ್ತಾಂ ದೆಕಾಂ ಮತ್ತು ಹೊಸ ಪೀಳಿಗೆಯ ವಾದಕರೊಂದಿಗೆ ಆಂಜ್ ಹೆಸರನ್ನು ಮುಂದಕ್ಕೆ ಕೊಂಡೊಯ್ದರು. ಫ್ರಾನ್ಸಿಸ್ ‘ಜಾಂ ದ ಲಾ ಲ್ಯೂನ್’ ಎಂಬ ತಂಡ ಕಟ್ಟಿದರು.

ಎಮಿಲ್ ಜಾಕೊತೆ ಯಾರು? ಈ ಹೆಸರು ಆಂಜ್ ಕುರಿತ ಎಲ್ಲ ಬರಹಗಳಲ್ಲೂ ಬರುತ್ತದೆ.

‘ಒ-ದೆಲಾ ದ್ಯು ದೆಲೀರ್’ ನಂತರ, 1975ರಲ್ಲಿ ಬಂದ ಆಲ್ಬಂನ ಹೆಸರೂ ಹೌದು, ನಿಜವಾಗಿ ಬದುಕಿದ್ದ ಒಬ್ಬ ವೃದ್ಧರ ಹೆಸರೂ ಹೌದು. ಎಮಿಲ್ ಜಾಕೊತೆ ಅವರು ಬೆಲ್‌ಫೋರ್‌ಗೆ ಹತ್ತಿರದ ಸೋಲ್ನೋ ಎಂಬ ಹಳ್ಳಿಯಲ್ಲಿ ಕುದುರೆಗಳಿಗೆ ಲಾಳ ಕಟ್ಟುತ್ತಿದ್ದ ಕಮ್ಮಾರರು. ಆ ಸೀಮೆಯ ಹಳೆಯ ಕಥೆಗಳು ಅವರ ಬಾಯಲ್ಲಿದ್ದವು. ತಂಡದವರು ಅವರನ್ನು ಭೇಟಿಯಾಗಿ ಅವರ ಮಾತನ್ನು ಧ್ವನಿಮುದ್ರಿಸಿಕೊಂಡು, ಆ ಕಥೆಗಳಿಂದ ಆಲ್ಬಂನ ಒಂದು ಬದಿಯ ಹಾಡುಗಳನ್ನು ಕಟ್ಟಿದರು. ಹಾಡುಗಳ ನಡುವೆ ಆ ವೃದ್ಧರ ಸ್ವಂತ ಧ್ವನಿಯೇ ಕೇಳಿಬರುತ್ತದೆ.

ಎರಡು ಆಲ್ಬಂಗಳನ್ನು ಒಂದರ ನಂತರ ಒಂದು ಕೇಳಿದರೆ ಆಂಜ್‌ನ ಹುಡುಕಾಟದ ದಿಕ್ಕು ಸ್ಪಷ್ಟವಾಗುತ್ತದೆ. 1974ರಲ್ಲಿ ಕಲ್ಪಿಸಿಕೊಂಡ ಹಳ್ಳಿಗನೊಬ್ಬನಿಗೆ ಕಂಠ ಕೊಟ್ಟವರು ಮರುವರ್ಷ ನಿಜವಾದ ಹಳ್ಳಿಗರೊಬ್ಬರ ಕಂಠವನ್ನೇ ತಂದು ರಾಕ್ ಸಂಗೀತದ ನಡುವೆ ಗೌರವದಿಂದ ಕೂರಿಸಿದರು. ಲಕ್ಷಾಂತರ ಜನ ಕೊಳ್ಳುವ ಸಂಗೀತದ ಮಾರುಕಟ್ಟೆಯಲ್ಲಿ, ಒಂದು ಆಲ್ಬಂನ ಹೆಸರಾಗಿ ಊರಿನ ಕಮ್ಮಾರರ ಹೆಸರನ್ನು ಇಡುವ ನಿರ್ಧಾರ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. 2014ರಲ್ಲಿ ಆಂಜ್ ಈ ಆಲ್ಬಂ ಅನ್ನು ಹೊಸ ರೂಪದಲ್ಲಿ ಮತ್ತೆ ಧ್ವನಿಮುದ್ರಿಸಿತು.

ಇದು ಹಿಡಿಸಿದರೆ ಮುಂದೆ ಯಾವುದನ್ನು ಕೇಳಬಹುದು?

ಆಂಜ್‌ನಲ್ಲಿಯೇ ಮುಂದುವರಿಯುವುದಾದರೆ ಮೊದಲು ‘ಎಮಿಲ್ ಜಾಕೊತೆ’, ಆಮೇಲೆ 1755ರಲ್ಲಿ ವಾಲಾಂಸ್ ಊರಿನಲ್ಲಿ ಚಕ್ರಕ್ಕೆ ಕಟ್ಟಿ ಕೊಲ್ಲಲ್ಪಟ್ಟ ಕಳ್ಳಸಾಗಣೆಗಾರ ಮಾಂದ್ರ್ಯಾಂನ ಹೆಸರು ಹೊತ್ತ 1976ರ ಆಲ್ಬಂ. ವೇದಿಕೆಯ ಆಂಜ್ ಹೇಗಿತ್ತೆಂದು ತಿಳಿಯಲು 1977ರ ನೇರ ಧ್ವನಿಮುದ್ರಣ ‘ತೋಮ್ ಸೀಸ್’ ಇದೆ. ಬೇರೆ ತಂಡಗಳಲ್ಲಿ ಓರ್ಲೆಯಾಂ ಊರಿನ ಮೋನಾ ಲಿಸಾ ಇವರಿಗೆ ಅತಿ ಹತ್ತಿರದ್ದು. ಆಂಜ್‌ನ ವ್ಯವಸ್ಥಾಪಕರಾಗಿದ್ದ ಜಾಂ-ಕ್ಲೋದ್ ಪೊನ್ಯಾಂ ಅವರ ಕ್ರಿಪ್ತೋ ಲೇಬಲ್‌ನಿಂದ ಬಂದ ಆ ತಂಡದ 1977ರ ‘ಲ ಪೆತಿ ವಿಯೊಲೋಂ ದ ಮಿಸ್ಯೂ ಗ್ರೆಗ್ವಾರ್’ ಆಲ್ಬಂನಲ್ಲಿ ದೀರ್ಘವಾದ ಕಥಾಗೀತೆಯೊಂದಿದ್ದು, ಗಾಯಕ ದೊಮಿನಿಕ್ ಲ ಗೆನ್ನೆಕ್ ಅವರ ಅಭಿನಯ ಕ್ರಿಸ್ತಿಯಾಂ ದೆಕಾಂ ಅವರಿಗಿಂತ ಹೆಚ್ಚು ಮೃದು, ಹೆಚ್ಚು ವಿಷಾದದ್ದು.